ಇಳಿದದ್ದನ್ನು ಮೇಲಕ್ಕೆ ಹೊರುವವರು



ನಿಸರ್ಗದಲ್ಲಿ ವಸ್ತುಗಳು ಹೇಗೆ ಸುತ್ತುತ್ತವೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಕೇಳಿದ್ದೀರಿ. ನೀರು, ಇಂಗಾಲ, ಸಾರಜನಕ, ಗಂಧಕ ಎಲ್ಲವನ್ನೂ ಒಂದು ಗಂಟೆಯಲ್ಲಿ ಮುಟ್ಟಿಬರಲು ಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಅದಕ್ಕಾಗಿ ಒಂದೇ ಒಂದು ಮೂಲವಸ್ತುವಿನ ಬೆನ್ನು ಹತ್ತಿ ಹೋಗುತ್ತೇನೆ. ಅದು ರಂಜಕ, ಅಂದರೆ ಫಾಸ್ಫರಸ್.

ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೀರು ಸಮುದ್ರ ಸೇರಿದರೂ ಆವಿಯಾಗಿ ಮೋಡವಾಗಿ ಘಟ್ಟಕ್ಕೆ ಮರಳುತ್ತದೆ. ಇಂಗಾಲ ಎಲ್ಲಿ ಸುಟ್ಟರೂ ಎಲ್ಲಿ ಕೊಳೆತರೂ ಗಾಳಿಗೆ ಸೇರಿ ಇನ್ನೆಲ್ಲೋ ಒಂದು ಎಲೆಯೊಳಗೆ ಹೋಗುತ್ತದೆ. ಸಾರಜನಕವಂತೂ ಗಾಳಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿದೆ. ತೊಗರಿ, ಅವರೆ, ಹುರುಳಿಯ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮಣ್ಣಿಗಿಳಿಸುತ್ತವೆ. ರಂಜಕಕ್ಕೆ ಹೀಗೆ ಅನಿಲವಾಗಿ ಗಾಳಿ ಸೇರುವ ದಾರಿ ಇಲ್ಲವೆಂದೇ ಹೇಳಬೇಕು. ಅದು ಬಂಡೆಯಲ್ಲಿದೆ, ಮಣ್ಣಿನಲ್ಲಿದೆ, ನೀರಿನಲ್ಲಿದೆ, ಜೀವಿಗಳ ದೇಹದಲ್ಲಿದೆ. ಮಳೆ ಬಿದ್ದಾಗ ಮಣ್ಣಿನ ಕಣಕ್ಕೆ ಅಂಟಿಕೊಂಡು ಹಳ್ಳಕ್ಕಿಳಿಯುತ್ತದೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ, ಕಡಲ ತಳಕ್ಕೆ. ಅಲ್ಲಿಂದ ತಾನಾಗಿ ಮೇಲಕ್ಕೆ ಬರಬೇಕಾದರೆ ಕಡಲ ತಳವೇ ಎದ್ದು ಬೆಟ್ಟವಾಗಬೇಕು. ಅದಕ್ಕೆ ಕೋಟ್ಯಂತರ ವರ್ಷ ಬೇಕು.

ಶಾಲೆಯ ಪುಸ್ತಕದಲ್ಲಿ ವಸ್ತುಚಕ್ರದ ಚಿತ್ರವಿರುತ್ತದೆ. ಸುತ್ತಲೂ ಬಾಣಗಳು, ಎಲ್ಲವೂ ಒಂದೇ ದಪ್ಪ, ಒಂದೇ ಬಣ್ಣ. ಮೇಲಿನಿಂದ ಕೆಳಕ್ಕೆ ಬರುವ ಬಾಣಕ್ಕೆ ಯಾರ ಶ್ರಮವೂ ಬೇಡ, ಇಳಿಜಾರು ಸಾಕು. ಕೆಳಗಿನಿಂದ ಮೇಲಕ್ಕೆ ಹೋಗುವ ಬಾಣವನ್ನು ಯಾರಾದರೂ ಹೊರಬೇಕು. ಯಾರು ಹೊತ್ತರು, ಈಗ ಯಾರು ಹೊರುತ್ತಿದ್ದಾರೆ, ಹೊರುವವರು ನಿಂತರೆ ಏನಾಗುತ್ತದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ನನ್ನ ಇಂದಿನ ಮಾತೆಲ್ಲ ಆ ಒಂದು ಬಾಣದ ಬಗ್ಗೆ.

ಮೊದಲು ಈ ರಂಜಕ ಎಲ್ಲೆಲ್ಲಿದೆ ನೋಡೋಣ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 600ರಿಂದ 700 ಗ್ರಾಂ ಇದೆ. ಬಹುಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಉಳಿದದ್ದು ಕಡಿಮೆ ಎನಿಸಿದರೂ ಜೀವ ನಿಂತಿರುವುದು ಅದರ ಮೇಲೆ. ತಂದೆತಾಯಿಯ ಗುಣವನ್ನು ಮಕ್ಕಳಿಗೆ ದಾಟಿಸುವ ಡಿಎನ್‌ಎ ಎಳೆಯ ಬೆನ್ನೆಲುಬಿನಲ್ಲಿ ರಂಜಕವಿದೆ. ತಿಂದ ಅನ್ನದ ಶಕ್ತಿಯನ್ನು ಜೀವಕೋಶದಿಂದ ಕೆಲಸಕ್ಕೆ ಒದಗಿಸುವ ಎಟಿಪಿ ಅಣುವಿನಲ್ಲಿ ರಂಜಕವಿದೆ. ಇದರ ಬದಲಿಗೆ ಇನ್ನೊಂದನ್ನು ಹಾಕಿ ಬದುಕುವ ಉಪಾಯ ಯಾವ ಗಿಡಕ್ಕೂ ಯಾವ ಪ್ರಾಣಿಗೂ ಇಲ್ಲ.

ಅಪಟೈಟ್ ಎಂಬ ಖನಿಜವಿರುವ ಬಂಡೆ ಸವೆದು ಮಣ್ಣಾದಾಗ ರಂಜಕ ಬಿಡುಗಡೆಯಾಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಬಿಡುತ್ತವೆ. ಮಣ್ಣಿನಲ್ಲಿ ರಂಜಕವಿದ್ದೂ ಬೇರಿಗೆ ದಕ್ಕುವುದಿಲ್ಲ. ಆ ಹಿಡಿತದಿಂದ ಅದನ್ನು ಬಿಡಿಸಿ ಕೊಡಲು ಮರಗಳು ಶಿಲೀಂಧ್ರಗಳ ನೆರವು ಪಡೆಯುತ್ತವೆ. ಕೂದಲಿಗಿಂತ ಸಣ್ಣ ಎಳೆಗಳು ಬೇರಿನಿಂದ ಹೊರಟು ಬೇರು ಮುಟ್ಟಲಾರದ ಸಂದಿಗಳಿಗೆ ಹೋಗುತ್ತವೆ. ರಂಜಕ ತಂದು ಕೊಟ್ಟು ಸಕ್ಕರೆ ಪಡೆಯುತ್ತವೆ. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಕಾಡು ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಎಲೆ ಉದುರಿಸುವ ಮುಂಚೆ ಮರ ಅದರಲ್ಲಿರುವ ರಂಜಕದ ಒಂದು ದೊಡ್ಡ ಪಾಲನ್ನು ಕೊಂಬೆಗೆ ಹಿಂದಕ್ಕೆಳೆದುಕೊಳ್ಳುತ್ತದೆ. ಉದುರಿದ ತರಗೆಲೆಯಲ್ಲಿ ಉಳಿದದ್ದನ್ನು ಗೆದ್ದಲು, ಎರೆಹುಳು, ಅಣಬೆ ಬಿಡಿಸುತ್ತವೆ, ಬೇರು ಮತ್ತೆ ಹಿಡಿಯುತ್ತದೆ.

ಕಾಡಿನ ಈ ಹಿಡಿತವನ್ನು ಅಳೆದು ತೋರಿಸಿದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಎಂಬಲ್ಲಿ ಕೆಲಸ ಮಾಡಿದ ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಅವರ ಸಂಗಡಿಗರು. 1963ರಲ್ಲಿ ಶುರುವಾದ ಅಧ್ಯಯನ ಅದು. ಒಂದು ಕಣಿವೆಗೆ ಮಳೆಯೊಡನೆ ಏನು ಬಂತು, ಹಳ್ಳದೊಡನೆ ಏನು ಹೋಯಿತು ಎಂದು ಲೆಕ್ಕವಿಟ್ಟರು. ಬಳಿಕ ಒಂದು ಕಣಿವೆಯ ಮರಗಳನ್ನೆಲ್ಲ ಕಡಿದು, ಚಿಗುರು ಬಾರದಂತೆ ಕಳೆನಾಶಕ ಹೊಡೆದರು. ಮರ ಕಡಿದ ಕಣಿವೆಯ ಹಳ್ಳದಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಹೆಚ್ಚಿತು, ಸುಣ್ಣದಂಶ ಹೊರಟುಹೋಯಿತು. ಮಣ್ಣು ಅದೇ, ಮಳೆ ಅದೇ. ಹಿಡಿದುಕೊಳ್ಳುವ ಬೇರು ಮಾತ್ರ ಇರಲಿಲ್ಲ. ರಂಜಕದ ಕಥೆ ಇನ್ನೂ ಸ್ವಲ್ಪ ಬೇರೆ. ಅದು ಕರಗಿ ಹೋಗುವುದಕ್ಕಿಂತ ಮಣ್ಣಿನ ಕಣದ ಜೊತೆ ಕೊಚ್ಚಿಹೋಗುವುದೇ ಹೆಚ್ಚು. ಮಳೆಗಾಲದಲ್ಲಿ ನಮ್ಮ ಹೊಳೆಗಳು ಕೆಂಪಗೆ ಹರಿಯುವಾಗ ಹೋಗುತ್ತಿರುವುದು ಅದು.

ಎಷ್ಟೇ ಬಿಗಿಹಿಡಿದರೂ ಒಂದಿಷ್ಟು ಸೋರಿಯೇ ಸೋರುತ್ತದೆ. ಲಕ್ಷಗಟ್ಟಲೆ ವರ್ಷ ಮಳೆಗೆ ತೊಳೆದ ಹಳೆಯ ಮಣ್ಣಿನ ಕಾಡುಗಳು ಹಾಗಾದರೆ ಹೇಗೆ ಉಳಿದಿವೆ? ಅಮೆಜಾನ್ ಕಾಡಿನ ಉತ್ತರ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಫ್ರಿಕಾದ ಚಾಡ್ ದೇಶದಲ್ಲಿ ಬೊಡೆಲೆ ಎಂಬ ತಗ್ಗುಪ್ರದೇಶವಿದೆ. ಹಿಂದೊಮ್ಮೆ ದೊಡ್ಡ ಸರೋವರವಾಗಿತ್ತು. ಈಗ ಒಣಗಿದ ತಳ, ಸತ್ತ ಡಯಾಟಮ್ ಪಾಚಿಗಳ ಪುಡಿ. ಸಹಾರಾದ ಗಾಳಿ ಅದನ್ನೆತ್ತಿ ಅಟ್ಲಾಂಟಿಕ್ ದಾಟಿಸುತ್ತದೆ. ನಾಸಾದ ಉಪಗ್ರಹ ಕಳಿಸಿದ ಮಾಹಿತಿಯಿಂದ 2015ರಲ್ಲಿ ಹಾಂಗ್‌ಬಿನ್ ಯೂ ಮತ್ತು ಸಂಗಡಿಗರು ಮಾಡಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಹೀಗೆ ಧೂಳಾಗಿ ಬಂದು ಅಮೆಜಾನ್ ಮೇಲೆ ಬೀಳುತ್ತದೆ. ಅಲ್ಲಿ ಮಳೆ ತೊಳೆದು ಒಯ್ಯುವ ಪ್ರಮಾಣಕ್ಕೆ ಇದು ಹತ್ತಿರದ ಲೆಕ್ಕ. ಸತ್ತ ಕೆರೆಯೊಂದು ಸಮುದ್ರದಾಚೆಯ ಕಾಡಿಗೆ ಗೊಬ್ಬರ ಕಳಿಸುತ್ತಿದೆ.

ಗಾಳಿ ಹೊತ್ತು ತಾರದ ಕಡೆ ಪ್ರಾಣಿಗಳು ಹೊತ್ತಿವೆ. ಆನೆ ಒಂದು ಕಡೆ ಮೇಯ್ದು ಹಲವು ಹರದಾರಿ ಆಚೆ ಲದ್ದಿ ಹಾಕುತ್ತದೆ. ಸಾಲ್ಮನ್ ಮೀನು ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆಯೇರಿ ಬಂದು ಸಾಯುತ್ತದೆ. ಕರಡಿ ಅದನ್ನು ಕಾಡಿಗೆಳೆದು ತಿನ್ನುತ್ತದೆ. ಅಲಾಸ್ಕಾದ ಹೊಳೆದಡದ ಮರಗಳಲ್ಲಿ ಕಡಲಿನ ಸಾರಜನಕ ಸಿಗುವುದು ಈ ಸಾಗಾಟದ ಗುರುತು. ಕ್ರಿಸ್ಟೋಫರ್ ಡೌಟಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೊಡ್ಡ ಪ್ರಾಣಿಗಳು ಅಳಿದುಹೋದದ್ದರಿಂದ ನೆಲದ ಮೇಲೆ ಪ್ರಾಣಿಗಳು ಪೋಷಕಾಂಶ ಹರಡುವ ಶಕ್ತಿ ಹಿಂದಿದ್ದುದರ ನೂರಕ್ಕೆ ಎಂಟು ಪಾಲಿಗೆ ಇಳಿದಿದೆ. ಕಡಲಹಕ್ಕಿಗಳು ಮತ್ತು ಹೊಳೆಯೇರುವ ಮೀನುಗಳು ಕಡಲಿನಿಂದ ನೆಲಕ್ಕೆ ತರುತ್ತಿದ್ದ ರಂಜಕದಲ್ಲಿ ಉಳಿದಿರುವುದು ನೂರಕ್ಕೆ ನಾಲ್ಕು ಪಾಲು. ಪ್ರಾಣಿ ಅಳಿದರೆ ಒಂದು ಜಾತಿ ಹೋಯಿತೆಂದು ದುಃಖಪಡುತ್ತೇವೆ. ಅದು ಮಾಡುತ್ತಿದ್ದ ಕೆಲಸವೂ ಹೋಯಿತೆಂಬುದನ್ನು ಯಾರೂ ಬರೆದಿಡುವುದಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮೇಲಕ್ಕೆ ಹೊರುವ ಕೆಲಸವನ್ನು ಕನ್ನಡನಾಡಿನ ರೈತರು ನೂರಾರು ವರ್ಷ ತಮ್ಮದೇ ರೀತಿಯಲ್ಲಿ ಮಾಡಿಕೊಂಡು ಬಂದಿದ್ದಾರೆ.

ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಅಡಿಕೆ ತೋಟಗಳು ಕಣಿವೆಯ ತಗ್ಗಿನಲ್ಲಿವೆ. ಮೇಲೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕು (ತರಗೆಲೆ) ತರಲು ಬಿಟ್ಟುಕೊಟ್ಟಿದ್ದರು. ಒಂದಕ್ಕೆ ಒಂಬತ್ತು! ತಗ್ಗಿನ ಒಂದು ಎಕರೆ ತನ್ನ ಫಲವತ್ತತೆಯನ್ನು ಎಲ್ಲಿಂದ ಪಡೆಯುತ್ತಿತ್ತೆಂಬುದು ಈ ಸರ್ಕಾರಿ ಲೆಕ್ಕದಲ್ಲೇ ಇದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಹಾಸಿಗೆಯಾಗಿ ಸಗಣಿ ಗಂಜಲ ಹೀರುತ್ತದೆ, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆಯ ಬುಡ ಸೇರುತ್ತದೆ. ನಾವಿದನ್ನು ಕೊಂಡಾಡುವಾಗ ಒಂದು ಸಂಗತಿಯನ್ನು ಮರೆಯಬಾರದು. ಇದೂ ಮೇಲಿನಿಂದ ಕೆಳಕ್ಕೇ ಸಾಗುವ ದಾರಿ. ದನ ಮತ್ತೆ ಬೆಟ್ಟಕ್ಕೆ ಮೇಯಲು ಹೋಗಿ ಸಗಣಿ ಹಾಕುವಾಗ, ಹಕ್ಕಿ ಬಾವಲಿಗಳು ತೋಟದ ಹಣ್ಣು ತಿಂದು ಬೆಟ್ಟದ ಮರದಲ್ಲಿ ಕೂರುವಾಗ ಒಂದು ಪಾಲು ಹಿಂತಿರುಗುತ್ತದೆ. ಉಳಿದದ್ದನ್ನು ಬೆಟ್ಟ ತನ್ನ ಬಂಡೆಯಿಂದ ಭರಿಸಿಕೊಳ್ಳಬೇಕು. ಸವರುವುದು ಅತಿಯಾದ ಕಡೆ ಬೆಟ್ಟ ಬೋಳಾಗಿರುವುದನ್ನು ಆ ಭಾಗದವರು ಬಲ್ಲರು.

ಬೆಟ್ಟದಿಂದ, ತೋಟದಿಂದ ಸೋರಿದ್ದು ಶರಾವತಿ, ಅಘನಾಶಿನಿ, ನೇತ್ರಾವತಿಯಲ್ಲಿ ಕಡಲಿಗೆ ಹೋಗುತ್ತದೆ. ಶರಾವತಿಯದು ಈಗ ಬಹುಪಾಲು ಲಿಂಗನಮಕ್ಕಿ ಜಲಾಶಯದ ಹೂಳಿನಲ್ಲಿ ನಿಲ್ಲುತ್ತದೆ. ಕಡಲಿಗೆ ಹೋದದ್ದು ಅಲ್ಲೇ ಮುಗಿಯಿತೆಂದಲ್ಲ. ನೈಋತ್ಯ ಮುಂಗಾರಿನಲ್ಲಿ ಕರಾವಳಿಯ ಮೇಲ್ಪದರದ ನೀರು ದಡದಿಂದ ಆಚೆ ಸರಿಯುತ್ತದೆ, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಶುರುವಾಗಿ ಈ ಏಳುವಿಕೆ ನಮ್ಮ ಕರಾವಳಿಯತ್ತ ಬರುತ್ತದೆ. ಆ ನೀರಿನಲ್ಲಿ ಫಾಸ್ಫೇಟ್ ನೈಟ್ರೇಟ್ ಹೇರಳ. ಡಯಾಟಮ್ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಕಾರವಾರದ ಕಡೆ ಅದೇ ಮೀನಿಗೆ ತಾರ್ಲೆ ಎನ್ನುತ್ತಾರೆ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ತಿಂದು ಮಾರಿ ಉಳಿದ ಬೂತಾಯಿ ಮರಳಿನ ಮೇಲೆ ಒಣಗಿ ತೆಂಗಿನ ಬುಡ ಸೇರುತ್ತಿತ್ತು, ಘಟ್ಟ ಹತ್ತಿ ಕಾಫಿ ತೋಟಕ್ಕೂ ಹೋಗುತ್ತಿತ್ತು. ಘಟ್ಟ ಇಳಿದ ರಂಜಕ ಮೀನಾಗಿ ಗಾಡಿಯೇರಿ ಘಟ್ಟಕ್ಕೆ ಮರಳಿದ ದಾರಿ ಅದು. ಈಗ ಅದೇ ಮೀನು ಫಿಶ್‌ಮೀಲ್ ಕಾರ್ಖಾನೆಯಲ್ಲಿ ಪುಡಿಯಾಗಿ ಸೀಗಡಿ ಮತ್ತು ಕೋಳಿಯ ಮೇವಿಗೆ ಹೋಗುತ್ತದೆ, ದೇಶದ ಆಚೆಗೂ ಹೋಗುತ್ತದೆ. ನಮ್ಮ ಕಡಲು ಎತ್ತಿ ಕೊಟ್ಟದ್ದು ನಮ್ಮ ಮಣ್ಣಿಗೆ ಬಾರದೆ ಹೊರಟುಹೋಗುವುದು ನನಗೆ ನೋವಿನ ಸಂಗತಿ.

ಬಯಲುಸೀಮೆಯಲ್ಲಿ ಈ ಕೆಲಸ ಕೆರೆಯ ಸುತ್ತ ನಡೆಯಿತು. ಹೊಲದಿಂದ ಕೊಚ್ಚಿಬಂದ ಸಣ್ಣ ಮಣ್ಣು ಕೆರೆಯಂಗಳದಲ್ಲಿ ನಿಲ್ಲುತ್ತದೆ. ಅದೇ ಕೆರೆಗೋಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ತುಂಬಿ ಹೊಲಕ್ಕೆ ಹೊಡೆಯುವುದು ವರ್ಷದ ಕೆಲಸಗಳಲ್ಲೊಂದಾಗಿತ್ತು. ಇದರಿಂದ ಕೆರೆಗೆ ಆಳ ಉಳಿಯಿತು, ಹೊಲಕ್ಕೆ ಕಳೆದುಕೊಂಡದ್ದು ಮರಳಿತು. ಇಂದು ಹೂಳೆತ್ತುವುದೆಂದರೆ ಟೆಂಡರು, ಜೆಸಿಬಿ, ಟಿಪ್ಪರು. ಹೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಎಷ್ಟೋ ಕಡೆ ಅದು ಇಟ್ಟಿಗೆ ಗೂಡಿಗೂ ಬಡಾವಣೆಯ ತಗ್ಗು ತುಂಬಲಿಕ್ಕೂ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಕುರುಬರ ಹಿಂಡನ್ನು ಕರೆಸಿ ಹೊಲದಲ್ಲಿ ಕುರಿ ತರುಬಿಸುವುದು ಇದೇ ಬಗೆಯ ಕೆಲಸ. ಹಗಲೆಲ್ಲ ಬೀಳು, ಗುಡ್ಡ, ರಸ್ತೆಬದಿ ಮೇಯ್ದ ಕುರಿ ರಾತ್ರಿ ಹೊಲದಲ್ಲಿ ಹಿಕ್ಕೆ ಹಾಕುತ್ತದೆ. ಹೊಲದವನು ಅದಕ್ಕೆ ಕಾಳು ಕೊಡುತ್ತಾನೆ, ಇಲ್ಲವೆ ಹಣ ಕೊಡುತ್ತಾನೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಮಾತು ಹೇಳದಿದ್ದರೆ ಈ ಉಪನ್ಯಾಸ ಅಪೂರ್ಣ. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರವರಿಗೆ ಇದು ಮೊದಲೇ ಗೊತ್ತಿತ್ತು. ಹಕ್ಕಿ ಸುತ್ತಲ ಕೆರೆ ಹೊಳೆಗಳಲ್ಲಿ ಮೀನು ಹಿಡಿದು ತಂದು ಮರಿಗೆ ಕೊಡುತ್ತದೆ. ಹಿಕ್ಕೆ ಮರದ ಕೆಳಗೆ ಬೀಳುತ್ತದೆ. ಊರವರು ಮರದಡಿ ಗುಂಡಿ ತೋಡಿ, ಕೆರೆಯ ಮಣ್ಣು ಹಾಕಿ, ಅದರಲ್ಲಿ ಹಿಕ್ಕೆ ಬೆರೆಯಲು ಬಿಟ್ಟು ಹೊಲಕ್ಕೊಯ್ದರು. ನೀರಿಗೆ ಇಳಿದದ್ದು ರೆಕ್ಕೆಯ ಮೇಲೆ ನೆಲಕ್ಕೆ ಬಂತು. ಅಂಗಳದ ವಾಸನೆ, ಗದ್ದಲ, ಹುಣಸೆ ಬೆಳೆಯ ನಷ್ಟ ಎಲ್ಲವನ್ನೂ ಸಹಿಸಿ ಆ ಊರಿನ ಜನ ಹಕ್ಕಿಗಳನ್ನು ಮನೆಮಕ್ಕಳಂತೆ ಕಂಡಿದ್ದಾರೆ. ಅವರಿಗೆ ನಾವೆಲ್ಲ ಕೃತಜ್ಞರಾಗಿರಬೇಕು.

ಪೆರುವಿನ ಚಿಂಚಾ ದ್ವೀಪಗಳಲ್ಲೂ ಹಕ್ಕಿಗಳೇ ಹೊತ್ತವು. ಮಳೆಯಿಲ್ಲದ ಆ ದ್ವೀಪಗಳಲ್ಲಿ ಕಡಲಹಕ್ಕಿಯ ಹಿಕ್ಕೆ ಗುಡ್ಡವಾಗಿ ನಿಂತಿತ್ತು. ಅದೇ ಗ್ವಾನೊ. 1840ರ ದಶಕದಿಂದ ಯೂರೋಪ್, ಅಮೆರಿಕಕ್ಕೆ ಹಡಗುಗಟ್ಟಲೆ ಹೋಯಿತು; ಅಗೆದವರಲ್ಲಿ ಚೀನಾದಿಂದ ತಂದ ಜೀತಗಾರರು ಬಹಳ. ಸಾವಿರಾರು ವರ್ಷ ಕೂಡಿದ್ದು ಕೆಲವೇ ದಶಕಗಳಲ್ಲಿ ಬರಿದಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್‌ಫಾಸ್ಫೇಟಿಗೆ ಪೇಟೆಂಟ್ ಪಡೆದಿದ್ದರು. ರಂಜಕದ ಬಂಡೆಯನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಗಿಡಕ್ಕೆ ದಕ್ಕುವ ಗೊಬ್ಬರ. ಅಲ್ಲಿಂದಾಚೆ ಮನುಷ್ಯನಿಗೆ ಹಕ್ಕಿಯೂ ಬೇಡ, ಕುರಿಯೂ ಬೇಡ ಎನ್ನಿಸಿತು. ಹಳೆಯ ಕಡಲುಗಳ ತಳದಲ್ಲಿ ಕೂಡಿ ಎದ್ದ ಬಂಡೆಯನ್ನು ಅಗೆದು ತಂದರಾಯಿತು. ಜಗತ್ತಿನಲ್ಲಿ ತಿಳಿದಿರುವ ಅಂಥ ಬಂಡೆಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ನಮ್ಮ ದೇಶದಲ್ಲಿ ಉದಯಪುರದ ಹತ್ತಿರ ಝಾಮರಕೋಟ್ರಾದಲ್ಲಿ ಒಂದು ದೊಡ್ಡ ಗಣಿಯಿದ್ದರೂ ನಮ್ಮ ಬೇಡಿಕೆಗೆ ಅದು ಸಾಲದು. ಬಂಡೆಯನ್ನೋ, ರಂಜಕದ ಆಮ್ಲವನ್ನೋ, ತಯಾರಾದ ಡಿಎಪಿ ಗೊಬ್ಬರವನ್ನೋ ಹೊರದೇಶದಿಂದ ತರಿಸಲೇಬೇಕು. ಮುಂಗಾರಿನ ಹೊತ್ತಿಗೆ ಸೊಸೈಟಿಯ ಮುಂದೆ ಡಿಎಪಿಗೆ ಸಾಲು ನಿಲ್ಲುವ ರೈತ ಕಾಯುತ್ತಿರುವುದು ಯಾವುದೋ ಹಳೆಯ ಕಡಲ ತಳದ ಚೂರಿಗೆ.

ಆ ಚೀಲ ಕೊನೆಗೆ ಎಲ್ಲಿಗೆ ಹೋಗುತ್ತದೆ? ರಾಗಿಯಾಗಿ, ಭತ್ತವಾಗಿ, ಹಾಲಾಗಿ, ತರಕಾರಿಯಾಗಿ ಬಹುಪಾಲು ಪಟ್ಟಣಕ್ಕೆ. ವಯಸ್ಕ ಮನುಷ್ಯ ದಿನಕ್ಕೆ ಸುಮಾರು ಒಂದು ಗ್ರಾಂ ರಂಜಕ ತಿನ್ನುತ್ತಾನೆ, ಅಷ್ಟನ್ನೇ ಹೊರಗೆ ಹಾಕುತ್ತಾನೆ, ಹೆಚ್ಚಿನ ಪಾಲು ಮೂತ್ರದಲ್ಲಿ. ಬೆಂಗಳೂರಿನಲ್ಲಿ ಒಂದು ಕೋಟಿ ಜನ ಎಂದಿಟ್ಟುಕೊಂಡರೆ ದಿನಕ್ಕೆ ಹತ್ತು ಟನ್. ಐವತ್ತು ಕಿಲೋದ ಒಂದು ಡಿಎಪಿ ಚೀಲದಲ್ಲಿರುವ ರಂಜಕ ಸುಮಾರು ಹತ್ತು ಕಿಲೋ. ಎಂದರೆ ಪ್ರತಿದಿನ ಸಾವಿರ ಚೀಲ ಡಿಎಪಿಯಲ್ಲಿರುವಷ್ಟು ರಂಜಕ ಬೆಂಗಳೂರಿನ ಒಳಚರಂಡಿಗೆ ಇಳಿಯುತ್ತದೆ. ಬಟ್ಟೆ ಪಾತ್ರೆ ತೊಳೆದ ಪುಡಿಯಿಂದ ಬರುವುದು ಬೇರೆ.

ಈ ರಂಜಕ ನೀರಿಗೆ ಸೇರಿದರೆ ಏನಾಗುತ್ತದೆಂದು ಕೆನಡಾದ ಡೇವಿಡ್ ಶಿಂಡ್ಲರ್ 1973ರಲ್ಲಿ ತೋರಿಸಿದರು. ಒಂಟಾರಿಯೊದ 226ನೇ ನಂಬರಿನ ಸರೋವರವನ್ನು ನಡುವೆ ಪರದೆ ಹಾಕಿ ಎರಡು ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ಆ ಅರ್ಧ ಹಸಿರು ಪಾಚಿ ಕಟ್ಟಿತು, ಇನ್ನೊಂದರ್ಧ ತಿಳಿಯಾಗಿಯೇ ಉಳಿಯಿತು. ನಮ್ಮಲ್ಲಿ ಅಂಥ ಪ್ರಯೋಗದ ಅಗತ್ಯವೇ ಬೀಳಲಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ ಜೊಂಡು ತುಂಬಿತು, ನೊರೆ ಉಕ್ಕಿ ರಸ್ತೆಗೆ ಹಾರಿತು, 2015ರ ಮೇನಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹತ್ತಿ ಉರಿಯಿತು. ಹೊಲಕ್ಕೆ ಬೇಕಾದದ್ದೇ ಕೆರೆಗೆ ವಿಷವಾಯಿತು.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆನೀರನ್ನು ಪಂಪು ಮಾಡಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಇಳಿದುಹೋದದ್ದನ್ನು ವಿದ್ಯುತ್ತಿನ ಬಲದಿಂದ ಮೇಲಕ್ಕೆ ಹೊರುವ ಯತ್ನವಿದು. ಬತ್ತಿದ ಕೆರೆ ತುಂಬಿ ಕೊಳವೆಬಾವಿಗೆ ನೀರು ಬಂದದ್ದನ್ನು ಅಲ್ಲಿನ ರೈತರು ಕಂಡಿದ್ದಾರೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕೆಂದು ಅದೇ ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ನಿಂತ ಕೆರೆಯಲ್ಲಿ ರಂಜಕ ಕೂಡುತ್ತ ಹೋದರೆ ಬೆಳ್ಳಂದೂರಿನ ಕಥೆ ಕೋಲಾರಕ್ಕೆ ಬರಬಾರದೆಂದಿಲ್ಲ. ಅದನ್ನು ನೀರಿನಿಂದ ಬೇರೆ ಮಾಡಿ ಹೊಲಕ್ಕೆ ಕೊಡಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಪಟ್ಟಣದ ಮಲವನ್ನು ಹೊಲಕ್ಕೆ ಸಾಗಿಸುವುದು ನಮಗೆ ಹೊಸದಲ್ಲ. ಅದನ್ನು ತಲೆಯ ಮೇಲೆ ಹೊತ್ತವರಿದ್ದರು. ಜಾತಿಯ ಕಾರಣಕ್ಕೆ ಹೊರಬೇಕಾಗಿ ಬಂದವರು. 1970ರ ದಶಕದ ಆರಂಭದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ, ಮತ್ತೆ 2013ರಲ್ಲಿ ಇದರ ವಿರುದ್ಧ ದೇಶಕ್ಕೆಲ್ಲ ಕಾನೂನು ಬಂತು. ಆದರೂ ಮ್ಯಾನ್‌ಹೋಲಿಗಿಳಿದು ಸಾಯುವುದು ನಿಂತಿಲ್ಲ. ಹಳೆಯ ಗೊಬ್ಬರ ಪದ್ಧತಿಗಳನ್ನು ಹೊಗಳುವವರು ಈ ಹೊರೆ ಯಾರ ತಲೆಯ ಮೇಲಿತ್ತೆಂದು ಹೇಳದೆ ಹೊಗಳಬಾರದು. ಮನುಷ್ಯನ ಕೈ, ತಲೆ ಸೋಕದಂತೆ ವಸ್ತುವನ್ನು ಮಣ್ಣಿಗೆ ಮರಳಿಸಲಾಗದಿದ್ದರೆ, ಆ ಚಕ್ರ ಮುರಿದೇ ಇರಲಿ ಎನ್ನುವವರ ಕಡೆ ನಾನು ನಿಲ್ಲುತ್ತೇನೆ.

ಆದರೆ ಮರಳಿಸಲು ಬರುತ್ತದೆ. ಜರ್ಮನಿ 2017ರಲ್ಲಿ ತಂದ ನಿಯಮದಂತೆ 2029ರಿಂದ ಅಲ್ಲಿನ ದೊಡ್ಡ ಶುದ್ಧೀಕರಣ ಘಟಕಗಳು ಕೊಳಚೆಗಸಿಯಿಂದ ರಂಜಕವನ್ನು ಹಿಂಪಡೆಯಲೇಬೇಕು. ಕೊಳಚೆನೀರಿಗೆ ಮೆಗ್ನೀಸಿಯಂ ಸೇರಿಸಿದರೆ ಸ್ಟ್ರುವೈಟ್ ಎಂಬ ಹರಳು ಕಟ್ಟುತ್ತದೆ. ರಂಜಕ ಮತ್ತು ಸಾರಜನಕ ಎರಡೂ ಇರುವ ಗೊಬ್ಬರ ಅದು. ಇಷ್ಟು ದೂರ ಹೋಗುವುದೇ ಬೇಡ. ಆಗ ಒಳಚರಂಡಿಯಿಲ್ಲದಿದ್ದ ದೇವನಹಳ್ಳಿಯಲ್ಲಿ 2015ರಲ್ಲಿ ಮಲಗುಂಡಿಯ ಗಸಿಗೆಂದೇ ಒಂದು ಘಟಕ ಶುರುವಾಯಿತು. ಸಕ್ಕಿಂಗ್ ಲಾರಿಯಲ್ಲಿ ಬಂದ ಗಸಿಯನ್ನು ಒಣಗಿಸಿ, ಊರಿನ ಹಸಿಕಸದ ಜೊತೆ ಕಳಿಯಿಸಿ ಗೊಬ್ಬರ ಮಾಡುತ್ತಾರೆ. ಕಳಿಯುವಾಗ ರಾಶಿ ಬಿಸಿಯೇರುತ್ತದೆ, ಆ ಬಿಸಿಗೆ ರೋಗಾಣು, ಜಂತಿನ ಮೊಟ್ಟೆ ಸಾಯುತ್ತವೆ. ಇಂಥದ್ದು ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಬೇಕು, ಗೊಬ್ಬರವನ್ನು ಪ್ರತಿ ಬಾರಿ ಪರೀಕ್ಷಿಸಿ ಫಲಿತಾಂಶವನ್ನು ಚೀಲದ ಮೇಲೆ ಅಚ್ಚು ಮಾಡಬೇಕು. ದೊಡ್ಡ ನಗರದಲ್ಲಿ ತೊಡಕು ಬೇರೆ. ಮನೆಯ ಕೊಳಚೆಗೆ ಬಣ್ಣ ಹಾಕುವ, ಲೋಹಲೇಪ ಮಾಡುವ ಘಟಕಗಳ ನೀರು ಸೇರಿಬಿಟ್ಟರೆ ಗಸಿಯಲ್ಲಿ ಸೀಸ, ಕ್ಯಾಡ್ಮಿಯಂ ಉಳಿಯುತ್ತವೆ. ಯಾವ ಬಿಸಿಯೂ ಅವನ್ನು ಕೊಲ್ಲುವುದಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ಮೊದಲು ಆಗಬೇಕಾದದ್ದು ಕಾರ್ಖಾನೆಯ ಕೊಳವೆಯನ್ನು ಮನೆಯ ಕೊಳವೆಯಿಂದ ಬೇರೆ ಮಾಡುವ ಕೆಲಸ. ಈ ಸಭೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ವೃಷಭಾವತಿ ಹೊಳೆಗೆ ಎಲ್ಲೆಲ್ಲಿ ಯಾವ ಕೊಳವೆ ಸೇರುತ್ತದೆಂಬ ನಕ್ಷೆಯನ್ನು ದಡದುದ್ದಕ್ಕೂ ನಡೆದು ನೀವೇ ತಯಾರಿಸಬಹುದು. ಮುಂಗಾರಿಗೆ ಮುಂಚೆ ಹೊಳೆ ಇಳಿದಾಗ ಕೊಳವೆಗಳ ಬಾಯಿಗಳು ಕಾಣುತ್ತವೆ. ಹೊರಡುವುದಾದರೆ ಆಗಲೇ ಹೊರಡಿ.